ಮತ್ತೆ ನೀರಿಗಿಳಿದ ದೋಣಿ

ಕಲ್ಲಿನ ಗುಡಿ ಸಾವಿರ ವರ್ಷ ನಿಲ್ಲಬಲ್ಲುದು. ತಾಮ್ರದ ಶಾಸನ ನೆಲದಲ್ಲಿ ಹೂತುಹೋದರೂ ಶತಮಾನಗಳ ಬಳಿಕ ದೊರೆತು ತನ್ನ ಕಾಲದ ಮಾತನ್ನು ನುಡಿಯಬಲ್ಲುದು. ಆದರೆ ಮರದ ದೋಣಿಯ ಆಯುಷ್ಯ ಬಹಳ ಅಲ್ಪವಾದುದು. ನೀರಿಗಿಳಿದ ದಿನದಿಂದಲೇ ಅದು ಶತ್ರುಗಳ ನಡುವೆ ಬಾಳುತ್ತದೆ. ಮೇಲೆ ಮಳೆ ಮತ್ತು ಬಿಸಿಲು, ಕೆಳಗೆ ಉಪ್ಪುನೀರು, ಹೊರಗೆ ಮರವನ್ನು ಕೊರೆಯುವ ಕಡಲ ಜೀವಿಗಳು, ಒಳಗೆ ಮರವನ್ನು ತಿಂದುಹಾಕುವ ಬೂಷ್ಟು. ದೋಣಿ ದುಡಿಯುವಷ್ಟು ಕಾಲ ಅದರ ಒಡೆಯನು ಅದನ್ನು ಜತನ ಮಾಡುತ್ತಾನೆ. ದುಡಿಮೆ ನಿಂತಿತೆಂದರೆ ಆರೈಕೆಯೂ ನಿಲ್ಲುತ್ತದೆ. ಅನಂತರ ಕೆಲವೇ ವರ್ಷಗಳಲ್ಲಿ ಅದು ಕೆಸರಿನಲ್ಲಿ ಕರಗಿಹೋಗುತ್ತದೆ. ಚರಿತ್ರೆಯಲ್ಲಿ ಕೀರ್ತಿ ಪಡೆದ ಅದೆಷ್ಟೋ ದೋಣಿಗಳು ಇಂದು ಹೆಸರಾಗಿ ಮಾತ್ರ ಉಳಿದಿರುವುದಕ್ಕೆ ಇದೇ ಕಾರಣ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ 'ವೆಸ್ಟರ್ನ್ ಫ್ಲೈಯರ್' ಎಂಬ ಮೋಟಾರು ದೋಣಿಯೂ ಇದೇ ಹಾದಿ ಹಿಡಿದಿತ್ತು. ಅದು ಅರಸರ ವಿಹಾರನೌಕೆಯಲ್ಲ. ಯುದ್ಧದಲ್ಲಿ ಗೆದ್ದು ಬಂದ ನೌಕೆಯೂ ಅಲ್ಲ. ಮೀನು ಹಿಡಿಯುವುದಕ್ಕಾಗಿ ಕಟ್ಟಿದ ದುಡಿಮೆಯ ದೋಣಿ. ಅದು ಎರಡು ಸಲ ಮುಳುಗಿತು. ಅದನ್ನು ಕಡಿದು ತುಂಡುಮಾಡುವ ಯೋಚನೆಯೂ ನಡೆದಿತ್ತು. ಆದರೂ ಅದು ಇಂದು ಮತ್ತೆ ಕಡಲಿನಲ್ಲಿ ಸಂಚರಿಸುತ್ತಿದೆ. ಅದು ಉಳಿದುಬಂದ ಕಥೆಯಲ್ಲಿ ಒಬ್ಬ ಸಾಹಿತಿ, ಒಬ್ಬ ವಿಜ್ಞಾನಿ, ಅನೇಕ ಬೆಸ್ತರು ಹಾಗೂ ಹಲವು ಬಡಗಿಗಳ ಪಾಲಿದೆ.

ವೆಸ್ಟರ್ನ್ ಫ್ಲೈಯರ್ ಹುಟ್ಟಿದ್ದು 1937ರಲ್ಲಿ, ವಾಷಿಂಗ್ಟನ್ ಸಂಸ್ಥಾನದ ಟಕೋಮಾ ಎಂಬ ರೇವುಪಟ್ಟಣದಲ್ಲಿ. ಅದನ್ನು ಕಟ್ಟಿದ್ದು ವೆಸ್ಟರ್ನ್ ಬೋಟ್ ಬಿಲ್ಡಿಂಗ್ ಕಂಪನಿ. ಯುರೋಪಿನ ಕ್ರೊಯೇಷಿಯಾದಿಂದ ವಲಸೆ ಬಂದ ಮಾರ್ಟಿನ್ ಪೆಟ್ರಿಚ್ ಎಂಬಾತನು ಈ ಕಂಪನಿಯನ್ನು ನಡೆಸುತ್ತಿದ್ದನು. ಆ ಭಾಗದ ಕಾಡುಗಳಲ್ಲಿ ಡಗ್ಲಸ್ ಫರ್ ಎಂಬ ಮರ ಹೇರಳವಾಗಿ ಬೆಳೆಯುತ್ತದೆ. ಈ ಮರ ನೇರವಾಗಿ ಎತ್ತರಕ್ಕೆ ಹೋಗುವುದರಿಂದ ಗಂಟುಗಳಿಲ್ಲದ ಉದ್ದನೆಯ ಹಲಗೆಗಳನ್ನು ಕೊಡುತ್ತದೆ. ದೋಣಿಯ ಮೈಗೆ ಬಳಸಿದ್ದು ಈ ಹಲಗೆಗಳನ್ನೇ. ಸುಮಾರು 77 ಅಡಿ ಉದ್ದದ ಆ ದೋಣಿಗೆ 165 ಅಶ್ವಶಕ್ತಿಯ ಡೀಸೆಲ್ ಯಂತ್ರವನ್ನು ಜೋಡಿಸಲಾಗಿತ್ತು.

ಅದು ಮೀನು ಹಿಡಿಯುತ್ತಿದ್ದ ಬಗೆ ಕರ್ನಾಟಕದ ಕರಾವಳಿಯವರಿಗೆ ಅಪರಿಚಿತವಲ್ಲ. ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು, ಬಲೆಯ ಅಡಿಯಲ್ಲಿ ಪೋಣಿಸಿದ ಹಗ್ಗವನ್ನು ಎಳೆದು, ಹಣದ ಚೀಲದ ಬಾಯಿಯನ್ನು ಬಿಗಿಯುವಂತೆ ಅದರ ತಳವನ್ನು ಮುಚ್ಚುತ್ತಿದ್ದರು. ಇಂಥ ಬಲೆಯನ್ನು ನಮ್ಮ ಬೆಸ್ತರು 'ಪರ್ಸೀನ್' ಎನ್ನುತ್ತಾರೆ. ವೆಸ್ಟರ್ನ್ ಫ್ಲೈಯರ್ ಹಿಡಿಯುತ್ತಿದ್ದ ಮೀನು ಸಾರ್ಡೀನ್. ಮಂಗಳೂರು, ಮಲ್ಪೆಗಳಲ್ಲಿ ಬೂತಾಯಿ ಎಂದು ಕರೆಯುವ ಮೀನಿಗೆ ಹತ್ತಿರದ ಬಂಧು. ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬ ಊರು ಈ ಮೀನಿನಿಂದಲೇ ಬದುಕುತ್ತಿತ್ತು. ಅಲ್ಲಿಯ ಕಡಲಂಚಿನ ಒಂದು ಬೀದಿಯ ತುಂಬ ಮೀನನ್ನು ತಗಡಿನ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳಿದ್ದವು. 1941–42ರ ಒಂದೇ ಹಂಗಾಮಿನಲ್ಲಿ ಮಾಂಟೆರೆಗೆ ಬಂದ ಸಾರ್ಡೀನ್ ಸುಮಾರು ಎರಡೂವರೆ ಲಕ್ಷ ಟನ್ನು. ಈ ಸಂಪತ್ತಿಗೆ ಕೊನೆಯೆಂಬುದೇ ಇಲ್ಲವೆಂದು ಜನ ನಂಬಿದ್ದರು.

ಆ ಬೀದಿಯಲ್ಲಿ, ಮೀನಿನ ಕಾರ್ಖಾನೆಗಳ ನಡುವೆ, ಒಂದು ಸಣ್ಣ ಪ್ರಯೋಗಶಾಲೆಯಿತ್ತು. ಅದರ ಒಡೆಯ ಎಡ್ ರಿಕೆಟ್ಸ್. ಶಾಲಾ ಕಾಲೇಜುಗಳಿಗೆ ಕಡಲ ಜೀವಿಗಳ ಮಾದರಿಗಳನ್ನು ಕಳುಹಿಸಿಕೊಡುವುದು ಆತನ ವೃತ್ತಿ. ಆ ಜೀವಿಗಳು ಬಾಳುವ ಬಗೆಯನ್ನು ಅರಿಯುವುದು ಆತನ ತಪಸ್ಸು. ಒಂದು ಜೀವಿಯನ್ನು ಅದರ ನೆಲೆಯಿಂದ ಬೇರ್ಪಡಿಸಿ ಶೀಶೆಯಲ್ಲಿಟ್ಟು ನೋಡಿದರೆ ಅದು ಪೂರ್ತಿಯಾಗಿ ಅರ್ಥವಾಗದು. ಅದು ಎಂಥ ಬಂಡೆಗೆ ಅಂಟಿಕೊಂಡಿದೆ, ಎಂಥ ಅಲೆಯ ಹೊಡೆತವನ್ನು ತಾಳಿಕೊಳ್ಳುತ್ತದೆ, ಯಾವುದನ್ನು ತಿನ್ನುತ್ತದೆ, ಯಾವುದಕ್ಕೆ ಆಹಾರವಾಗುತ್ತದೆ ಎಂಬುದನ್ನೆಲ್ಲ ಒಟ್ಟಿಗೆ ನೋಡಬೇಕು ಎಂಬುದು ಆತನ ಮತ. 1939ರಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಜೀವಿಗಳನ್ನು ವರ್ಗಗಳ ಕ್ರಮದಲ್ಲಿ ಜೋಡಿಸದೆ, ಅವು ವಾಸಿಸುವ ನೆಲೆಗಳ ಕ್ರಮದಲ್ಲಿ ಜೋಡಿಸಲಾಗಿದೆ. ಪರಿಸರ ವಿಜ್ಞಾನವೆಂಬ ಮಾತು ಇನ್ನೂ ಜನರ ಬಾಯಿಗೆ ಬಾರದಿದ್ದ ಕಾಲ ಅದು.

ರಿಕೆಟ್ಸನ ಪ್ರಾಣಸ್ನೇಹಿತ ಜಾನ್ ಸ್ಟೈನ್‌ಬೆಕ್. ಮುಂದೆ 1962ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕಾದಂಬರಿಕಾರ ಈತನೇ. ನೆಲ ಕಳೆದುಕೊಂಡ ರೈತರ ಬವಣೆಯನ್ನು ಚಿತ್ರಿಸಿದ ಆತನ 'ದಿ ಗ್ರೇಪ್ಸ್ ಆಫ್ ರಾಥ್' 1939ರಲ್ಲಿ ಹೊರಬಂದು, ಒಂದು ಕಡೆ ಅಪಾರ ಕೀರ್ತಿಯನ್ನೂ ಇನ್ನೊಂದು ಕಡೆ ಉಗ್ರವಾದ ವಿರೋಧವನ್ನೂ ತಂದಿತ್ತು. ಈ ಎರಡರಿಂದಲೂ ಬಳಲಿದ ಸ್ಟೈನ್‌ಬೆಕ್ ಗೆಳೆಯನೊಡನೆ ಕಡಲಿನ ಅಧ್ಯಯನಕ್ಕೆ ಹೊರಡಲು ನಿಶ್ಚಯಿಸಿದನು. ಹೋಗಬೇಕಾಗಿದ್ದುದು ಮೆಕ್ಸಿಕೋ ದೇಶದ ಕಾರ್ಟೆಸ್ ಸಮುದ್ರಕ್ಕೆ. ಭೂಪಟಗಳಲ್ಲಿ ಇದನ್ನು ಕ್ಯಾಲಿಫೋರ್ನಿಯಾ ಕೊಲ್ಲಿಯೆಂದೂ ಗುರುತಿಸುತ್ತಾರೆ. ಹುಳು ಹುಪ್ಪಟೆಗಳನ್ನು ಹುಡುಕಲು ಹೊರಟವರಿಗೆ ದೋಣಿಯನ್ನು ಬಾಡಿಗೆಗೆ ಕೊಡಲು ಮಾಂಟೆರೆಯ ದೋಣಿಯವರು ಹಿಂದೆ ಮುಂದೆ ನೋಡಿದರು. ಕಡೆಗೆ ಒಪ್ಪಿಕೊಂಡವನು ವೆಸ್ಟರ್ನ್ ಫ್ಲೈಯರಿನ ಕಪ್ತಾನ ಟೋನಿ ಬೆರ್ರಿ.

1940ರ ಮಾರ್ಚ್ 11ರಂದು ದೋಣಿ ಮಾಂಟೆರೆಯಿಂದ ಹೊರಟಿತು. ಅದರಲ್ಲಿದ್ದವರು ಏಳು ಮಂದಿ: ಸ್ಟೈನ್‌ಬೆಕ್, ಆತನ ಪತ್ನಿ ಕ್ಯಾರೊಲ್, ರಿಕೆಟ್ಸ್, ಕಪ್ತಾನ, ಯಂತ್ರ ನೋಡಿಕೊಳ್ಳುವವನು ಹಾಗೂ ಇಬ್ಬರು ನಾವಿಕರು. ಸುಮಾರು ಆರು ವಾರಗಳ ಕಾಲ, ನಾಲ್ಕು ಸಾವಿರ ಮೈಲಿಗಳ ಯಾತ್ರೆ. ಅವರ ದಿನಚರಿಯನ್ನು ನಿರ್ಧರಿಸುತ್ತಿದ್ದುದು ಗಡಿಯಾರವಲ್ಲ, ಕಡಲಿನ ಭರತ ಇಳಿತ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನೀರಿನ ಗುಂಡಿಗಳು ತೆರೆದುಕೊಳ್ಳುತ್ತಿದ್ದವು. ಮೊಣಕಾಲು ನೀರಿನಲ್ಲಿ ನಿಂತು, ಕಲ್ಲುಗಳನ್ನು ಮಗುಚಿ, ಏಡಿ, ಕಡಲ ನಕ್ಷತ್ರ, ಕಡಲ ಸೌತೆ, ಹುಳು, ಶಂಖುಗಳನ್ನು ಅವರು ಸಂಗ್ರಹಿಸುತ್ತಿದ್ದರು. ಕಡಲು ಮರಳಿ ಏರಿದೊಡನೆ ದೋಣಿಗೆ ಬಂದು, ರಾತ್ರಿಯವರೆಗೆ ಅವುಗಳನ್ನು ವಿಂಗಡಿಸಿ, ಹೆಸರು ಹಚ್ಚಿ, ಶೀಶೆಗಳಲ್ಲಿ ಇಡುತ್ತಿದ್ದರು. ತಂದಿದ್ದ ಶೀಶೆಗಳು ಸಾಲದೆ ಹೋದವು. ಮೊದಮೊದಲು ಇದೊಂದು ಹುಚ್ಚೆಂದು ಭಾವಿಸಿದ್ದ ನಾವಿಕರು ಕೆಲವೇ ದಿನಗಳಲ್ಲಿ ತಾವೂ ಬಗ್ಗಿ ಕಲ್ಲು ಮಗುಚತೊಡಗಿದರು. ಐನೂರಕ್ಕೂ ಹೆಚ್ಚು ಬಗೆಯ ಜೀವಿಗಳು ಆ ಯಾತ್ರೆಯಲ್ಲಿ ದೊರೆತವು.

ಯಾತ್ರೆಯಲ್ಲಿ ವಿನೋದಕ್ಕೂ ಕೊರತೆಯಿರಲಿಲ್ಲ. ದಡಕ್ಕೆ ಹೋಗಿ ಬರಲು ಅವರ ಬಳಿ ಒಂದು ಸಣ್ಣ ಪಾತಿಯೂ ಅದಕ್ಕೊಂದು ಪುಟ್ಟ ಮೋಟಾರೂ ಇದ್ದವು. ಅಗತ್ಯವಿಲ್ಲದಾಗ ಸೊಗಸಾಗಿ ಓಡಿ, ಅಗತ್ಯ ಬಿದ್ದಾಗ ಮೊಂಡು ಹಿಡಿಯುವುದು ಆ ಮೋಟಾರಿನ ಸ್ವಭಾವ. ಸ್ಟೈನ್‌ಬೆಕ್ ಅದಕ್ಕೆ ಒಂದು ಕಲ್ಪಿತ ಹೆಸರನ್ನಿಟ್ಟು, ಅದು ದುಷ್ಟಬುದ್ಧಿಯುಳ್ಳ ಪ್ರಾಣಿಯೋ ಎಂಬಂತೆ ಬಣ್ಣಿಸಿದ್ದಾನೆ. ಆದರೆ ನಗು ಮಾಯವಾದ ಒಂದು ಗಳಿಗೆಯೂ ಬಂದಿತು. ಗ್ವೈಮಾಸ್ ಎಂಬ ಊರಿನ ಬಳಿ ಅವರು ಜಪಾನೀಯರ ಸಿಗಡಿ ಹಿಡಿಯುವ ಹಡಗೊಂದನ್ನು ಹತ್ತಿ ನೋಡಿದರು. ಅದರ ಬಲೆ ಕಡಲತಳವನ್ನೇ ಗುಡಿಸಿಕೊಂಡು ಬರುತ್ತಿತ್ತು. ಸಿಗಡಿಯನ್ನು ಆರಿಸಿಕೊಂಡು, ಉಳಿದ ರಾಶಿ ರಾಶಿ ಮೀನುಗಳನ್ನು ಸತ್ತ ಮೇಲೆ ನೀರಿಗೆ ಎಸೆಯುತ್ತಿದ್ದರು. ಹಡಗಿನವರು ಒಳ್ಳೆಯವರು, ಶ್ರಮಜೀವಿಗಳು, ಅತಿಥಿಗಳನ್ನು ಆದರಿಸಿದವರು. ಆದರೂ ಅವರು ಮಾಡುತ್ತಿದ್ದ ಕೆಲಸ ಕಡಲಿಗೂ ಮುಂದಿನ ಜನಾಂಗಕ್ಕೂ ಮಾಡುವ ಅಪಚಾರವೆಂದು ಸ್ಟೈನ್‌ಬೆಕ್ ಮತ್ತು ರಿಕೆಟ್ಸರಿಗೆ ತೋರಿತು.

ಯಾತ್ರೆಯ ಫಲವಾಗಿ ಇಬ್ಬರೂ ಸೇರಿ ಬರೆದ 'ಸೀ ಆಫ್ ಕಾರ್ಟೆಸ್' ಎಂಬ ಗ್ರಂಥ 1941ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರಲ್ಲಿನ ಪ್ರವಾಸಕಥನ 1951ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂದು ಅನೇಕ ದೇಶಗಳ ಓದುಗರನ್ನು ತಲಪಿತು. ಆ ವೇಳೆಗೆ ರಿಕೆಟ್ಸ್ ಬದುಕಿರಲಿಲ್ಲ. 1948ರ ಮೇ ತಿಂಗಳಿನಲ್ಲಿ, ಇನ್ನೊಂದು ಯಾತ್ರೆಯ ಸಿದ್ಧತೆ ನಡೆದಿದ್ದಾಗಲೇ, ಆತನ ಕಾರಿಗೆ ರೈಲು ಬಡಿದು ಆತನು ತೀರಿಕೊಂಡನು. ಅದೇ ದಶಕದ ಕೊನೆಯಲ್ಲಿ ಮಾಂಟೆರೆಯ ಸಾರ್ಡೀನ್ ಕೂಡ ಇಲ್ಲವಾಗುತ್ತ ಬಂದಿತು. ಕಡಲ ನೀರಿನ ಬಿಸಿಯಲ್ಲಿ ಆಗುವ ಏರಿಳಿತದಿಂದ ಆ ಮೀನಿನ ಸಂತತಿ ಹೆಚ್ಚು ಕಡಿಮೆಯಾಗುವುದುಂಟು. ಅದು ಕುಗ್ಗುತ್ತಿದ್ದ ಕಾಲದಲ್ಲಿಯೂ ಮನುಷ್ಯನು ಬಲೆಯನ್ನು ಹಿಂದೆಗೆಯಲಿಲ್ಲ. ಮೀನು ಬಾರದೆ ಹೋದಾಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಹಿಡಿಯಲು ಮೀನಿಲ್ಲದ ದೋಣಿ ಮಾಂಟೆರೆಯನ್ನು ಬಿಟ್ಟು ಉತ್ತರಕ್ಕೆ ಹೋಯಿತು. ಕೈಯಿಂದ ಕೈಗೆ ಮಾರಾಟವಾಗುತ್ತ, ಉತ್ತರದ ತಣ್ಣನೆಯ ಕಡಲುಗಳಲ್ಲಿ ಪರ್ಚ್ ಎಂಬ ಮೀನನ್ನು ಹಿಡಿಯಿತು. ಅಲಾಸ್ಕಾದಲ್ಲಿ ದೈತ್ಯಾಕಾರದ ಕೆಂಪು ಏಡಿಗಳನ್ನು ಹಿಡಿಯಿತು. ಅನಂತರ ಸಾಮನ್ ಮೀನನ್ನು ಸಾಗಿಸುವ ಕೆಲಸಕ್ಕೂ ಒದಗಿತು. ಪರ್ಚ್ ಮೀನೂ ಕೆಂಪು ಏಡಿಯೂ ಒಂದೊಂದು ಕಾಲದಲ್ಲಿ ಸಾರ್ಡೀನಿನಂತೆಯೇ ವಿಪರೀತವಾಗಿ ಕ್ಷೀಣಿಸಿದವು. ಹೀಗೆ ಒಂದು ದೋಣಿಯ ಬಾಳಿನಲ್ಲಿ ಒಂದು ಸಾಗರದ ಮೀನುಗಾರಿಕೆಯ ಚರಿತ್ರೆಯೇ ಅಡಗಿದೆ. ನಡುವೆ ಅದರ ಹೆಸರೂ ಬದಲಾಯಿತು. ಜನ ಅದನ್ನು 'ಜೆಮಿನಿ' ಎಂದು ಕರೆದರು. ಪುಸ್ತಕವನ್ನು ಓದಿ ಮೆಚ್ಚಿದ ಸಾವಿರಾರು ಜನರಿಗೆ ಪುಸ್ತಕದ ದೋಣಿ ಎಲ್ಲಿದೆ ಎಂಬುದು ತಿಳಿಯದೆ ಹೋಯಿತು. ಕಡೆಗೆ 1980ರ ದಶಕದಲ್ಲಿ, ಆ ಯಾತ್ರೆಯ ನಾವಿಕನೊಬ್ಬನ ಸೋದರಳಿಯನು ರೇಡಿಯೋ ಕರೆಸಂಕೇತದ ಜಾಡು ಹಿಡಿದು, ಜೆಮಿನಿಯೇ ವೆಸ್ಟರ್ನ್ ಫ್ಲೈಯರ್ ಎಂಬುದನ್ನು ಕಂಡುಹಿಡಿದನು. ಹೆಸರು ಬದಲಾದರೂ ಆ ಸಂಕೇತ ಬದಲಾಗಿರಲಿಲ್ಲ.

ಗುರುತು ಸಿಕ್ಕಿತೆಂದಮಾತ್ರಕ್ಕೆ ದೋಣಿ ಉಳಿಯಲಿಲ್ಲ. 2010ರಲ್ಲಿ ಉದ್ಯಮಿಯೊಬ್ಬರು ಅದನ್ನು ಕೊಂಡುಕೊಂಡರು. ಸ್ಟೈನ್‌ಬೆಕ್ ಹುಟ್ಟಿದ ಸಲೀನಾಸ್ ಎಂಬ ಊರಿನಲ್ಲಿ ಒಂದು ಹೋಟೆಲನ್ನು ಕಟ್ಟಿ, ದೋಣಿಯನ್ನು ತುಂಡುಮಾಡಿ ಸಾಗಿಸಿ, ಹೋಟೆಲಿನ ಒಳಗೆ ಅಲಂಕಾರಕ್ಕಾಗಿ ನಿಲ್ಲಿಸಬೇಕೆಂಬುದು ಅವರ ಯೋಜನೆ. ಯೋಜನೆ ಕೈಗೂಡುವ ಮುನ್ನವೇ, ವಾಷಿಂಗ್ಟನ್ ಸಂಸ್ಥಾನದ ಆನಕಾರ್ಟಿಸ್ ಬಳಿಯ ಕಾಲುವೆಯಲ್ಲಿ ಕಟ್ಟಿಹಾಕಿದ್ದ ದೋಣಿ 2012ರ ಸೆಪ್ಟೆಂಬರಿನಲ್ಲಿ ಮುಳುಗಿತು. ಮೇಲೆತ್ತಿದ್ದಾಯಿತು. 2013ರ ಜನವರಿಯಲ್ಲಿ ಮತ್ತೆ ಮುಳುಗಿ, ತಿಂಗಳುಗಟ್ಟಲೆ ನೀರಿನಲ್ಲೇ ಉಳಿಯಿತು. ಎರಡನೆಯ ಸಲ ಎತ್ತಿದಾಗ ಅದರ ಒಳಗೆಲ್ಲ ಕೆಸರು, ಮೈಮೇಲೆಲ್ಲ ಪಾಚಿ ಮತ್ತು ಚಿಪ್ಪುಜೀವಿಗಳು. ಅದನ್ನು ಪೋರ್ಟ್ ಟೌನ್‌ಸೆಂಡ್ ಎಂಬ ರೇವಿಗೆ ಎಳೆತಂದು ದಡದ ಮೇಲೆ ನಿಲ್ಲಿಸಿದರು. ನೋಡಿದವರಿಗೆ ಅದು ದೋಣಿಯ ಶವದಂತೆ ಕಾಣುತ್ತಿತ್ತು.

2015ರಲ್ಲಿ ಜಾನ್ ಗ್ರೆಗ್ ಎಂಬ ಭೂವಿಜ್ಞಾನಿ ಅದನ್ನು ಹತ್ತು ಲಕ್ಷ ಡಾಲರುಗಳನ್ನು ತೆತ್ತು ಕೊಂಡರು. ಬಾಲ್ಯದಲ್ಲಿ ಓದಿದ ಆ ಪ್ರವಾಸಕಥನ ಅವರ ಮನಸ್ಸಿನಲ್ಲಿ ಅಳಿಯದೆ ನಿಂತಿತ್ತು. ದೋಣಿಯ ಉದ್ಧಾರಕ್ಕಾಗಿ ಒಂದು ಪ್ರತಿಷ್ಠಾನ ಹುಟ್ಟಿಕೊಂಡಿತು. ಆದರೆ ಉದ್ಧಾರವೆಂದರೇನು ಎಂಬುದೇ ಮೊದಲ ಪ್ರಶ್ನೆ. ಇದ್ದ ಹಾಗೆಯೇ ಇರಿಸಿ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸುವುದು ಒಂದು ದಾರಿ. ಆದರೆ ನೀರಿನಿಂದ ಹೊರಗಿಟ್ಟ ಮರ ಒಣಗಿ ಕುಗ್ಗುತ್ತದೆ. ಹಲಗೆಗಳ ಸಂದು ಬಿಡುತ್ತದೆ. ಒಳಗಿನ ಕೊಳೆತವೂ ನಿಲ್ಲುವುದಿಲ್ಲ. ಅಳತೆಗಳನ್ನು ಹಿಡಿದು ಅಂಥದೇ ಹೊಸ ದೋಣಿಯನ್ನು ಕಟ್ಟುವುದು ಎರಡನೆಯ ದಾರಿ. ಅದು ಸುಲಭ, ಆದರೆ 1940ರಲ್ಲಿ ಕಾರ್ಟೆಸ್ ಸಮುದ್ರಕ್ಕೆ ಹೋದ ದೋಣಿ ಅದಾಗಲಾರದು. ಹಳೆಯ ದೋಣಿಯನ್ನೇ ಭಾಗ ಭಾಗವಾಗಿ ಸರಿಪಡಿಸಿ ಮತ್ತೆ ಕಡಲಿಗೆ ಇಳಿಸುವುದು ಮೂರನೆಯ ದಾರಿ. ಮೂರರಲ್ಲಿ ಅತ್ಯಂತ ಕಷ್ಟವಾದುದು ಇದೇ. ಆರಿಸಿಕೊಂಡದ್ದೂ ಇದನ್ನೇ.

ಪೋರ್ಟ್ ಟೌನ್‌ಸೆಂಡ್ ಈ ಕಾರ್ಯಕ್ಕೆ ತಕ್ಕ ಸ್ಥಳವಾಗಿತ್ತು. ಕಬ್ಬಿಣ ಮತ್ತು ಗಾಜುನಾರಿನ ದೋಣಿಗಳು ಬಂದ ಮೇಲೆ ಮರದ ದೋಣಿ ಕಟ್ಟುವ ವಿದ್ಯೆ ಅನೇಕ ಕಡೆ ನಶಿಸಿತು. ಆ ಊರಿನಲ್ಲಿ ನಶಿಸಲಿಲ್ಲ. 1977ರಿಂದ ಅಲ್ಲಿ ಮರದ ದೋಣಿಗಳ ಉತ್ಸವ ನಡೆಯುತ್ತ ಬಂದಿದೆ. ಸಮೀಪದಲ್ಲಿಯೇ ಆ ವಿದ್ಯೆಯನ್ನು ತರುಣರಿಗೆ ಕಲಿಸುವ ಶಾಲೆಯಿದೆ. ದುಡಿಯುವ ಬಡಗಿಗಳೇ ಒಡೆಯರಾಗಿರುವ ಒಂದು ಸಹಕಾರ ಸಂಸ್ಥೆಯೂ ಅಲ್ಲಿದೆ. ವೆಸ್ಟರ್ನ್ ಫ್ಲೈಯರ್ ಆ ಬಡಗಿಗಳ ಕೈಸೇರಿತು.

ಮರದ ದೋಣಿಯನ್ನು ಸರಿಪಡಿಸುವವನು ಮೊದಲು ಅದರ ರೋಗವನ್ನು ಅರಿಯಬೇಕು. ಮರಕ್ಕೆ ಉಪ್ಪುನೀರಿಗಿಂತ ಮಳೆಯ ನೀರೇ ಹೆಚ್ಚು ಅಪಾಯಕಾರಿ. ಉಪ್ಪು ಬೂಷ್ಟನ್ನು ತಡೆಯುತ್ತದೆ. ಮಳೆನೀರು ಅದನ್ನು ಸಾಕುತ್ತದೆ. ಅಟ್ಟದ ಹಲಗೆಗಳ ಸಣ್ಣ ಬಿರುಕಿನಿಂದ ಇಳಿದ ನೀರು, ಗಾಳಿಯಾಡದ ಮೂಲೆಗಳಲ್ಲಿ ನಿಂತು, ಹೊರಗಿನಿಂದ ಗಟ್ಟಿಯಾಗಿ ಕಾಣುವ ಮರವನ್ನು ಒಳಗಿನಿಂದ ಪುಡಿಮಾಡುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದರೆ ಮೊಳೆಯ ಹಿಡಿತ ಸಡಿಲವಾಗುವುದಲ್ಲದೆ, ಅದರ ಸುತ್ತಲಿನ ಮರವೂ ಕೆಡುತ್ತದೆ. ಹಲವು ವರ್ಷ ದುಡಿದ ದೋಣಿಯ ಆಕಾರವೇ ಕೆಟ್ಟಿರುತ್ತದೆ. ಮುಂದಣ ಹಿಂದಣ ತುದಿಗಳು ತಗ್ಗಿ, ನಡು ಉಬ್ಬಿರುತ್ತದೆ. ಆದಕಾರಣ ಒಂದು ಮೊಳೆಯನ್ನು ಕೀಳುವ ಮುನ್ನವೇ ದೋಣಿಯನ್ನು ಎಲ್ಲ ಕಡೆಯಿಂದಲೂ ಅಳೆದು, ಅದರ ಮೊದಲಿನ ಆಕಾರ ಹೇಗಿತ್ತೆಂಬುದನ್ನು ನಿರ್ಣಯಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು ನಿಯಮವೂ ಉಂಟು. ಕೆಟ್ಟ ಭಾಗಗಳನ್ನೆಲ್ಲ ಒಮ್ಮೆಲೇ ತೆಗೆಯಬಾರದು. ಹಾಗೆ ಮಾಡಿದರೆ ದೋಣಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕೆಲವು ಪಕ್ಕೆಲುಬುಗಳನ್ನು ತೆಗೆದು ಹೊಸತನ್ನು ಕೂರಿಸಬೇಕು; ಅವು ಗಟ್ಟಿಯಾಗಿ ನಿಂತ ಮೇಲೆ ಅವುಗಳ ನಡುವಿನ ಹಳೆಯವನ್ನು ತೆಗೆಯಬೇಕು. ಹಳೆಯದು ಹೊಸತಕ್ಕೆ ಆಕಾರವನ್ನು ಕಲಿಸಿಕೊಟ್ಟ ಬಳಿಕವೇ ತಾನು ಹೊರಗೆ ಬರುತ್ತದೆ.

ಪಕ್ಕೆಲುಬುಗಳನ್ನು ಬಗ್ಗಿಸುವ ಕೆಲಸ ನೋಡತಕ್ಕದ್ದು. ಗಟ್ಟಿಮರದ ತೊಲೆಯನ್ನು ಉದ್ದನೆಯ ಪೆಟ್ಟಿಗೆಯೊಂದರಲ್ಲಿಟ್ಟು, ಕುದಿಯುವ ನೀರಿನ ಹಬೆಯನ್ನು ಹಾಯಿಸುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯಂತೆ ಹಬೆ ಕೊಡಬೇಕೆಂಬುದು ಕುಶಲಕರ್ಮಿಗಳ ಲೆಕ್ಕ. ಪೆಟ್ಟಿಗೆಯಿಂದ ಹೊರಗೆಳೆದ ಮರ ಕೆಲವೇ ನಿಮಿಷಗಳ ಕಾಲ ಬಳುಕುತ್ತದೆ. ಅಷ್ಟರೊಳಗೆ ಮೂರು ನಾಲ್ಕು ಮಂದಿ ಅದನ್ನು ಹೊತ್ತು ತಂದು, ಬೇಕಾದ ಕಡೆ ಒತ್ತಿ ಬಗ್ಗಿಸಿ, ಬಿಗಿಯಾಗಿ ಕಟ್ಟಿಹಾಕಬೇಕು. ತಡಮಾಡಿದರೆ ಮರ ಮತ್ತೆ ಬಿರುಸಾಗಿ, ಬಗ್ಗುವ ಬದಲು ಸೀಳಿಹೋಗುತ್ತದೆ. ಒಬ್ಬನು ಎಷ್ಟೇ ಜಾಣನಾದರೂ ಒಂಟಿಯಾಗಿ ಈ ಕೆಲಸವನ್ನು ಮಾಡಲಾರನು.

ಅನಂತರ ಹಲಗೆಗಳು. ವೆಸ್ಟರ್ನ್ ಫ್ಲೈಯರಿಗೆ ಹಿಂದಿನಂತೆಯೇ ಡಗ್ಲಸ್ ಫರ್ ಮರದ ಹಲಗೆಗಳನ್ನು ಹೊಂದಿಸಿದರು. ಇಂಥ ದೋಣಿಯಲ್ಲಿ ಎರಡು ಹಲಗೆಗಳ ನಡುವೆ ಬೇಕೆಂದೇ ಸಣ್ಣ ಸಂದನ್ನು ಬಿಟ್ಟಿರುತ್ತಾರೆ. ಆ ಸಂದಿಗೆ ಹತ್ತಿಯ ಎಳೆ ಮತ್ತು ನಾರನ್ನು ಉಳಿ ಕೊಡತಿಗಳಿಂದ ಬಡಿದು ತುಂಬಿ, ಮೇಲೆ ಲಪ್ಪ ಮೆತ್ತುತ್ತಾರೆ. ಸಡಿಲವಾಗಿ ತುಂಬಿದರೆ ನೀರು ನುಗ್ಗುತ್ತದೆ. ಅತಿಯಾಗಿ ಬಡಿದರೆ ಹಲಗೆಯೇ ಸ್ಥಾನ ಬಿಡುತ್ತದೆ. ಹದವನ್ನು ತಿಳಿಸುವುದು ಕೊಡತಿಯ ಸದ್ದು. ಅನುಭವಿಯಾದ ಬಡಗಿ ಆ ಸದ್ದನ್ನು ಕೇಳಿಯೇ ಸಂದು ತುಂಬಿತೋ ಇಲ್ಲವೋ ಎಂಬುದನ್ನು ಹೇಳಬಲ್ಲನು. ಇದನ್ನು ಪುಸ್ತಕದಿಂದ ಕಲಿಯುವುದು ಸಾಧ್ಯವಿಲ್ಲ. ದೋಣಿ ನೀರಿಗಿಳಿದ ಮೇಲೆ ಹಲಗೆಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿ, ಉಳಿದ ಸಂದುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ.

ದೋಣಿಯ ಒಡಲಿನ ಬಹುಭಾಗವನ್ನು ಹೊಸ ಮರದಿಂದ ಮತ್ತೆ ಕಟ್ಟಬೇಕಾಯಿತು. ಆದರೆ ಅಟ್ಟದ ಮೇಲಿನ ಮನೆ, ಅಂದರೆ ಚುಕ್ಕಾಣಿಯ ಕೋಣೆ, ಮಲಗುವ ಕೋಣೆ, ಅಡುಗೆಯ ಜಾಗಗಳಿದ್ದ ಭಾಗ, ಎರಡು ಸಲ ಮುಳುಗಿದ್ದರೂ ಆಶ್ಚರ್ಯವೆಂಬಂತೆ ಉಳಿದುಕೊಂಡಿತ್ತು. ಅಲ್ಲಿ ಬಡಗಿಗಳು ಕೈ ಬಿಗಿಹಿಡಿದು ಕೆಲಸ ಮಾಡಿದರು. ಉಳಿಸಬಹುದಾದ ಹಲಗೆಯನ್ನು ಉಳಿಸಿದರು. ತುದಿ ಮಾತ್ರ ಕೊಳೆತಿದ್ದರೆ ತುದಿಯನ್ನಷ್ಟೇ ಕತ್ತರಿಸಿ ಹೊಸ ತುಂಡನ್ನು ಬೆಸೆದರು. ಸ್ಟೈನ್‌ಬೆಕ್ ಮತ್ತು ರಿಕೆಟ್ಸ್ ಕುಳಿತು ಮಾತಾಡಿದ ಕೋಣೆಗಳ ಮರ ಹೀಗೆ ಬಹುಮಟ್ಟಿಗೆ ಉಳಿದು ಬಂದಿದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಒಡಲಿನ ಮರದಲ್ಲಿ ಬಹುಪಾಲು ಹೊಸತಾದ ಮೇಲೆ ಇದು ಅದೇ ದೋಣಿಯೆನ್ನುವುದು ಹೇಗೆ? ಈ ಪ್ರಶ್ನೆ ಬಹು ಹಳೆಯದು. ಗ್ರೀಕ್ ವೀರ ಥೀಸಿಯಸನ ನೌಕೆಯನ್ನು ಅಥೆನ್ಸಿನ ಜನ ಕಾಪಾಡಿಕೊಂಡು ಬಂದು, ಕೊಳೆತ ಹಲಗೆಗಳ ಬದಲಿಗೆ ಹೊಸತನ್ನು ಹಾಕುತ್ತಿದ್ದರೆಂದೂ, ಅದು ಅದೇ ನೌಕೆಯೋ ಬೇರೆಯೋ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರೆಂದೂ ಪ್ಲುಟಾರ್ಕನು ಬರೆದಿದ್ದಾನೆ. ನಮ್ಮ ಊರಿನ ತೇರನ್ನು ನೆನೆದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ತೇರಿನ ಗಾಲಿ ಸವೆದರೆ ಗಾಲಿಯನ್ನು ಬದಲಿಸುತ್ತಾರೆ. ಅಚ್ಚು ಮುರಿದರೆ ಅಚ್ಚನ್ನು ಬದಲಿಸುತ್ತಾರೆ. ಹಾಗೆಂದು ಊರಿನವರು ಅದನ್ನು ಬೇರೆ ತೇರು ಎನ್ನುವುದಿಲ್ಲ. ಅದೇ ಬೀದಿಯಲ್ಲಿ, ಅದೇ ಹಬ್ಬಕ್ಕೆ, ಜನರ ಕೈಗಳು ಎಳೆಯುತ್ತಿರುವವರೆಗೂ ಅದು ಅದೇ ತೇರು. ಆಕಾರ, ಕಟ್ಟುವ ಕ್ರಮ, ಮಾಡುವ ಕೆಲಸ, ಜನರ ನೆನಪು ಇವು ಕಡಿಯದೆ ಮುಂದುವರಿದರೆ ವಸ್ತುವೂ ಮುಂದುವರಿಯುತ್ತದೆ. ಹೋಟೆಲಿನಲ್ಲಿ ನಿಲ್ಲಿಸಿದ್ದರೆ ಹಳೆಯ ಮರ ಇನ್ನೂ ಹೆಚ್ಚಾಗಿ ಉಳಿಯುತ್ತಿತ್ತೇನೋ, ದೋಣಿ ಉಳಿಯುತ್ತಿರಲಿಲ್ಲ.

ಹಳೆಯದನ್ನು ಗೌರವಿಸುವುದೆಂದರೆ ಹೊಸತನ್ನು ತಿರಸ್ಕರಿಸುವುದಲ್ಲ ಎಂಬುದಕ್ಕೂ ಈ ದೋಣಿ ಸಾಕ್ಷಿಯಾಗಿದೆ. ಅದರಲ್ಲಿ ಈಗ ಡೀಸೆಲ್ ಯಂತ್ರದ ಜೊತೆಗೆ ವಿದ್ಯುತ್ ಮೋಟಾರೂ ಇದೆ. ಬೇಕಾದಾಗ ಸದ್ದಿಲ್ಲದೆ, ಹೊಗೆಯಿಲ್ಲದೆ ಸಾಗಬಹುದು. ಕಡಲ ಜೀವಿಗಳನ್ನು ಬೆದರಿಸದೆ ಪರೀಕ್ಷಿಸಲು ಈ ಮೌನ ಅಗತ್ಯ. ಹಿಂದೆ ಸಾರ್ಡೀನ್ ಮೀನನ್ನು ರಾಶಿ ಹಾಕುತ್ತಿದ್ದ ಉಗ್ರಾಣವೀಗ ಪ್ರಯೋಗಶಾಲೆ.

ಏಳು ವರ್ಷಗಳ ದುಡಿಮೆಯ ಬಳಿಕ, 2022ರ ಬೇಸಗೆಯಲ್ಲಿ ವೆಸ್ಟರ್ನ್ ಫ್ಲೈಯರ್ ಪೋರ್ಟ್ ಟೌನ್‌ಸೆಂಡಿನಲ್ಲಿ ಮತ್ತೆ ನೀರಿಗಿಳಿಯಿತು. 2023ರ ನವೆಂಬರಿನಲ್ಲಿ ಅದು ತನ್ನ ಹಳೆಯ ರೇವಾದ ಮಾಂಟೆರೆಗೆ ಬಂದಾಗ ಅದನ್ನು ಎದುರುಗೊಳ್ಳಲು ಜನ ದಡದಲ್ಲಿ ನೆರೆದಿದ್ದರು. ಅದು ಮಾಂಟೆರೆಯನ್ನು ಬಿಟ್ಟುಹೋಗಿ ಸುಮಾರು 75 ವರ್ಷಗಳು ಕಳೆದಿದ್ದವು. ಮೊದಲ ಯಾತ್ರೆಗೆ 85 ವರ್ಷ ತುಂಬಿದ 2025ರಲ್ಲಿ ಅದು ಮತ್ತೊಮ್ಮೆ ಕಾರ್ಟೆಸ್ ಸಮುದ್ರಕ್ಕೆ ಪಯಣ ಬೆಳೆಸಿತು. ಶಾಲೆಯ ಮಕ್ಕಳು ಈಗ ಆ ದೋಣಿಯನ್ನು ಹತ್ತುತ್ತಾರೆ. ಕಡಲ ನೀರನ್ನು ಮೊಗೆದು, ಅದರಲ್ಲಿರುವ ಸಣ್ಣ ಜೀವಿಗಳನ್ನು ನೋಡಿ, ಅವು ಒಂದನ್ನೊಂದು ಆಶ್ರಯಿಸಿ ಬಾಳುವ ಬಗೆಯನ್ನು ಕಲಿಯುತ್ತಾರೆ.

ಒಂದು ಕಾಲದಲ್ಲಿ ಕಡಲನ್ನು ಬರಿದುಮಾಡುವ ಕೆಲಸದಲ್ಲಿ ಪಾಲುಗೊಂಡಿದ್ದ ದೋಣಿ ಇಂದು ಕಡಲನ್ನು ಅರಿಯುವ ಕೆಲಸಕ್ಕೆ ನಿಂತಿದೆ. ಆದರೆ ಅದನ್ನು ಒಮ್ಮೆ ಉದ್ಧಾರ ಮಾಡಿ ಮುಗಿಯಿತೆನ್ನುವಂತಿಲ್ಲ. ಅದರ ಹಲಗೆಗಳು ಮತ್ತೆ ಸವೆಯುತ್ತವೆ, ಸಂದುಗಳು ಮತ್ತೆ ಸಡಿಲಗೊಳ್ಳುತ್ತವೆ. ಕಾಲಕಾಲಕ್ಕೆ ಅದನ್ನು ದಡಕ್ಕೆಳೆದು, ಕೆರೆದು, ಬಣ್ಣ ಬಳಿದು, ಕೆಟ್ಟುದನ್ನು ತೆಗೆದು ಒಳ್ಳೆಯದನ್ನು ಜೋಡಿಸುತ್ತಲೇ ಇರಬೇಕು. ಅದಕ್ಕಾಗಿ ಉಳಿ ಕೊಡತಿ ಹಿಡಿಯಬಲ್ಲ ಕೈಗಳು ತಲೆಮಾರಿನಿಂದ ತಲೆಮಾರಿಗೆ ಹುಟ್ಟಿಬರಬೇಕು. ದೋಣಿಯನ್ನು ಕಾಪಾಡುವುದೆಂದರೆ ಆ ಕೈಗಳನ್ನೂ ಕಾಪಾಡುವುದು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ವೆಸ್ಟರ್ನ್ ಫ್ಲೈಯರ್ ದೋಣಿಯನ್ನು ಎಲ್ಲಿ, ಯಾವಾಗ ಕಟ್ಟಲಾಯಿತು?
2. ಜೆಮಿನಿಯೇ ವೆಸ್ಟರ್ನ್ ಫ್ಲೈಯರ್ ಎಂಬುದು ಹೇಗೆ ತಿಳಿದುಬಂದಿತು?
3. ಮರದ ದೋಣಿಗೆ ಉಪ್ಪುನೀರಿಗಿಂತ ಮಳೆನೀರು ಏಕೆ ಹೆಚ್ಚು ಅಪಾಯಕಾರಿ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕಡಲ ಜೀವಿಗಳನ್ನು ಹೇಗೆ ಅಧ್ಯಯನ ಮಾಡಬೇಕೆಂಬುದು ರಿಕೆಟ್ಸನ ಅಭಿಪ್ರಾಯವಾಗಿತ್ತು?
2. ಪಕ್ಕೆಲುಬುಗಳನ್ನು ಬಗ್ಗಿಸುವ ಮತ್ತು ಹಲಗೆಗಳ ಸಂದು ತುಂಬುವ ಕ್ರಮವನ್ನು ವಿವರಿಸಿರಿ.
3. 'ಒಂದು ದೋಣಿಯ ಬಾಳಿನಲ್ಲಿ ಒಂದು ಸಾಗರದ ಮೀನುಗಾರಿಕೆಯ ಚರಿತ್ರೆಯೇ ಅಡಗಿದೆ.' ಈ ಮಾತನ್ನು ಸಮರ್ಥಿಸಿರಿ.

ಇ) ಚರ್ಚಿಸಿರಿ:
ಮರ ಬಹುಪಾಲು ಹೊಸತಾದ ಮೇಲೂ ಅದು ಅದೇ ದೋಣಿಯೆಂಬ ಮಾತನ್ನು ನೀವು ಒಪ್ಪುವಿರಾ? ನಿಮ್ಮ ಊರಿನ ಹಳೆಯ ವಸ್ತುವೊಂದನ್ನು ಉದಾಹರಿಸಿ ಬರೆಯಿರಿ.